ಪಿನ್ ಕೂತರೆ ಸಾಲದು: ರ‍್ಯಾಕ್‌ನ ಕಾರ್ಡ್‌ಲೆಸ್ ಮೈಕ್ ರಿಸೀವರ್‌ಗೆ ಹೊಂದುವ ಪವರ್ ಕನೆಕ್ಟರ್ ಹುಡುಕುವುದು ಹೇಗೆ?

ಕಾರ್ಯಕ್ರಮ ಮುಗಿದು ಸಾಮಾನು ಕಟ್ಟುವಾಗ ಮೈಕ್ ಕಳೆಯುವುದಿಲ್ಲ, ಅದರ ಧ್ವನಿಯನ್ನು ರೇಡಿಯೋದಲ್ಲಿ ಹಿಡಿಯುವ ಪೆಟ್ಟಿಗೆ, ಅಂದರೆ ರಿಸೀವರ್, ಕಳೆಯುವುದಿಲ್ಲ. ಕಳೆಯುವುದು ಅಡಾಪ್ಟರ್. ಹಾಲ್‌ನ ಗೋಡೆಯ ಸಾಕೆಟ್‌ನಲ್ಲೇ ಅದು ಉಳಿದುಬಿಟ್ಟಿರುತ್ತದೆ. ಮರುದಿನ ಇನ್ನೊಂದು ಊರಲ್ಲಿ ಕಾರ್ಯಕ್ರಮ. ಆಗ ಕೈಗೆ ಸಿಕ್ಕ ಅಡಾಪ್ಟರ್‌ಗಳ ಪಿನ್ ಒಂದೊಂದಾಗಿ ಚುಚ್ಚಿ ನೋಡುವ ಕೆಲಸ ಶುರು.

ಆ ಚುಚ್ಚಿ ನೋಡುವ ಅಭ್ಯಾಸ ಬಿಡಿಸಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನಾನೂ ಹಾಗೇ ಮಾಡಿದ್ದೆ. ಅಲ್ಲಿದ್ದ ಲ್ಯಾಪ್‌ಟಾಪ್ ಅಡಾಪ್ಟರ್‌ನ ಪಿನ್ ರಿಸೀವರ್‌ಗೆ ನೀಟಾಗಿ ಕೂತಿತು. ದೀಪ ಒಂದು ಕ್ಷಣ ಹತ್ತಿತು, ಆಮೇಲೆ ಆರಿತು. ರಿಸೀವರ್ ಕೇಳಿದ್ದು 12 ವೋಲ್ಟ್, ಹೋಗಿದ್ದು 19 ವೋಲ್ಟ್. ನಾಟಕಕ್ಕೆ ತಯಾರಾಗಿ ನಿಂತಿದ್ದ ಮಕ್ಕಳಿಗೆ ಒಂದು ಮೈಕ್ ಕಡಿಮೆಯಾಯಿತು. ಆ ಮುಖಗಳು ಈಗಲೂ ನೆನಪಿವೆ.

ಪಿನ್ ಕೂರುವುದು ಬೇರೆ, ಪವರ್ ಹೊಂದುವುದು ಬೇರೆ. ಹಾಗಾಗಿ ಹುಡುಕಾಟಕ್ಕೆ ಒಂದು ಕ್ರಮ ಬೇಕು. ಮೊದಲು ಎಸಿಯೋ ಡಿಸಿಯೋ ನೋಡಿ. ಆಮೇಲೆ ವೋಲ್ಟ್, ಆಮೇಲೆ ಪ್ಲಸ್ ಮೈನಸ್ ಯಾವ ಕಡೆ, ಆಮೇಲೆ ಆಂಪಿಯರ್. ಪಿನ್ನಿನ ಅಳತೆ ಎಲ್ಲಕ್ಕಿಂತ ಕೊನೆಗೆ. ನಾವು ಸಾಮಾನ್ಯವಾಗಿ ಕೊನೆಯದನ್ನೇ ಮೊದಲು ಮಾಡುತ್ತೇವೆ, ಅಲ್ವಾ?

ಹಂತ 1: ರಿಸೀವರ್‌ನ ಬೆನ್ನು ಓದಿ

ಅಡಾಪ್ಟರ್‌ಗಳ ಡಬ್ಬ ಬದಿಗಿಡಿ. ರ‍್ಯಾಕ್‌ನ (ರಿಸೀವರ್‌ಗಳನ್ನು ಜೋಡಿಸಿಟ್ಟ ಚೌಕಟ್ಟಿನ) ಹಿಂದೆ ಹೋಗಿ ಟಾರ್ಚ್ ಬಿಟ್ಟು ನೋಡಿ. ಪವರ್ ಹೋಗುವ ಜಾಗ ಎರಡು ತರಹ ಇರುತ್ತದೆ.

ಒಂದು, ಕರೆಂಟ್ ನೇರವಾಗಿ ಒಳಗೆ ಹೋಗುವ ಜಾಗ. ಮೂರು ಚಪ್ಪಟೆ ಕಡ್ಡಿಗಳಿರುವ ಸಾಕೆಟ್. ಇದರ ಹೆಸರು ಸಿ14. ಇದಕ್ಕೆ ಬೇಕಾದ ಕೇಬಲ್ ಸಿ13, ಅಂದರೆ ಕಂಪ್ಯೂಟರ್ ಪವರ್ ಕೇಬಲ್. ಒಂದೇ ಪೆಟ್ಟಿಗೆಯಲ್ಲಿ ಎರಡು, ನಾಲ್ಕು ಚಾನೆಲ್ ಇರುವ ದೊಡ್ಡ ರಿಸೀವರ್‌ಗಳಲ್ಲಿ ಇದು ಸಾಮಾನ್ಯ. ಶೂರ್ ಕಂಪನಿಯ ಯುಎಲ್‌ಎಕ್ಸ್‌ಡಿ4ಕ್ಯೂ ಇಂಥದ್ದು.

ಇನ್ನೊಂದು, ಅಡಾಪ್ಟರ್‌ನ ಉರುಟು ಪಿನ್ ಹೋಗುವ ಡಿಸಿ ಜ್ಯಾಕ್. ಅರ್ಧ ರ‍್ಯಾಕ್ ಅಗಲದ ಬಹುತೇಕ ರಿಸೀವರ್‌ಗಳಲ್ಲಿ ಇರುವುದು ಇದು. ಗೊಂದಲವೆಲ್ಲ ಇಲ್ಲೇ. ಹಾಗಾಗಿ ಮುಂದಿನ ಹಂತಗಳು ಹೆಚ್ಚಾಗಿ ಇದಕ್ಕೇ.

ಜ್ಯಾಕ್‌ನ ಪಕ್ಕ ಸಣ್ಣಕ್ಷರದಲ್ಲಿ ಏನೋ ಬರೆದಿರುತ್ತದೆ. ಧೂಳು ಒರೆಸಿ ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಅಲೆಯ ಗುರುತಿದ್ದರೆ ಎಸಿ. ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ. ಇದನ್ನು ಸುಮ್ನೆ ಊಹೆ ಮಾಡಬೇಡಿ. ಉರುಟು ಪಿನ್ ಇದ್ದ ಮಾತ್ರಕ್ಕೆ ಡಿಸಿ ಆಗಬೇಕೆಂದಿಲ್ಲ. ಹಳೆಯ ಕೆಲವು ಆಡಿಯೋ ಯಂತ್ರಗಳಿಗೆ ಎಸಿ ಕೊಡುವ ಅಡಾಪ್ಟರ್ ಬರುತ್ತಿತ್ತು.

ಏನೂ ಓದಲಾಗದಿದ್ದರೆ ಮಾಡೆಲ್ ನಂಬರ್ ಹಿಡಿದು ಕಂಪನಿಯ ಮ್ಯಾನ್ಯುಯಲ್ ತೆಗೆಯಿರಿ. ಕೊನೆಯ ಪುಟಗಳ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಪವರ್ ಅಂತ ಒಂದು ಸಾಲು ಇದ್ದೇ ಇರುತ್ತದೆ.

ಹಂತ 2: ವೋಲ್ಟ್

ಎಲ್ಲಾ ರಿಸೀವರ್‌ಗೂ 12 ವೋಲ್ಟ್ ಸಾಕು ಎಂಬ ಮಾತು ಚಾಲ್ತಿಯಲ್ಲಿದೆ. ಅದು ತಪ್ಪು. ಶೂರ್ ಒಂದರಲ್ಲೇ ನೋಡಿ. ಬಿಎಲ್‌ಎಕ್ಸ್ ಸರಣಿಯ ರಿಸೀವರ್ ಕೇಳುವುದು 12ರಿಂದ 15 ವೋಲ್ಟ್. ಜಿಎಲ್‌ಎಕ್ಸ್‌ಡಿ4 ಕೇಳುವುದು 14ರಿಂದ 18 ವೋಲ್ಟ್. ಎಸ್‌ಎಲ್‌ಎಕ್ಸ್‌ಡಿ4ಗೆ 15 ವೋಲ್ಟ್. ಇನ್ನೊಂದು ಕಂಪನಿ ಸೆನ್‌ಹೈಸರ್‌ನ ಇಎಂ 100 ಜಿ3ಗೆ 12 ವೋಲ್ಟ್. ಇವೆಲ್ಲ ಒಂದೇ ರ‍್ಯಾಕ್‌ನಲ್ಲಿ ಅಕ್ಕಪಕ್ಕ ಕೂರುತ್ತವೆ. ಕತ್ತಲಲ್ಲಿ ಅಡಾಪ್ಟರ್ ಅದಲು ಬದಲಾಗುವುದಕ್ಕೆ ಎಷ್ಟು ಹೊತ್ತು ಬೇಕು?

ರಿಸೀವರ್ ಮೇಲೆ ಒಂದೇ ಅಂಕಿ ಇದ್ದರೆ ಅಷ್ಟೇ ವೋಲ್ಟಿನ ಅಡಾಪ್ಟರ್ ತನ್ನಿ. ಇಷ್ಟರಿಂದ ಇಷ್ಟು ಅಂತ ಇದ್ದರೆ ಅದರ ನಡುವಿನದು ಯಾವುದಾದರೂ ಸರಿ. ಜಾಸ್ತಿ ವೋಲ್ಟ್ ಹೋದರೆ ಸುಡುತ್ತದೆ, ಅದು ಎಲ್ಲರಿಗೂ ಗೊತ್ತು. ಕಡಿಮೆ ವೋಲ್ಟಿನ ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. 15 ವೋಲ್ಟ್ ಬೇಕಾದ ರಿಸೀವರ್‌ಗೆ 12 ಕೊಟ್ಟರೆ ದೀಪ ಹತ್ತಬಹುದು, ಧ್ವನಿಯೂ ಬರಬಹುದು. ಅರ್ಧ ಗಂಟೆ ಆದ ಮೇಲೆ ಅದು ತಾನಾಗಿ ಆಫ್ ಆಗಿ ಆನ್ ಆದಾಗ ನೀವು ಆಂಟೆನಾ ಹಾಳಾಗಿದೆ ಅಂದುಕೊಳ್ಳುತ್ತೀರಿ.

ಇನ್ನೊಂದು ವಿಷಯ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೆಯ ಅಡಾಪ್ಟರ್ ಕೆಲವು ಸಲ ಖಾಲಿ ಇದ್ದಾಗ ಮೀಟರಿನಲ್ಲಿ 16, 17 ವೋಲ್ಟ್ ತೋರಿಸುತ್ತದೆ, ಮೇಲೆ 12 ಅಂತ ಬರೆದಿದ್ದರೂ. ಕೆಟ್ಟಿದೆ ಅಂದುಕೊಳ್ಳಬೇಡಿ. ಒಳಗೆ ವೋಲ್ಟನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಇಲ್ಲ ಅಷ್ಟೇ. ಲೋಡ್ ಬಿದ್ದಾಗ ವೋಲ್ಟ್ ಇಳಿಯುತ್ತದೆ. ಆದರೆ 12 ವೋಲ್ಟ್ ಮಾತ್ರ ತಡೆಯುವ ರಿಸೀವರ್‌ಗೆ ಇಂಥದ್ದನ್ನು ಹಾಕಲು ನನಗಂತೂ ಧೈರ್ಯ ಇಲ್ಲ.

ಹಂತ 3: ಪ್ಲಸ್ ಯಾವ ಕಡೆ?

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಜ್ಯಾಕ್ ಪಕ್ಕ ಒಂದು ಚಿಕ್ಕ ಚಿತ್ರ ಇರುತ್ತದೆ. ನಡುವೆ ಒಂದು ಚುಕ್ಕಿ, ಅದರ ಸುತ್ತ ಅರ್ಧ ತೆರೆದ ಬಳೆಯಂಥ ಗೆರೆ, ಎರಡು ಬದಿಗೆ ಪ್ಲಸ್ ಮತ್ತು ಮೈನಸ್. ಚುಕ್ಕಿಗೆ ಸೇರಿದ ಗೆರೆಯ ತುದಿಯಲ್ಲಿ ಪ್ಲಸ್ ಇದ್ದರೆ ನಡುವಿನ ಪಿನ್ ಪ್ಲಸ್. ಮೇಲೆ ಹೇಳಿದ ಮೂರು ಶೂರ್ ಸರಣಿಗಳದ್ದೂ ನಡು ಪ್ಲಸ್.

ಆದರೆ ಆರ್ಕೆಸ್ಟ್ರಾ ವೇದಿಕೆಯಲ್ಲಿ ಕಾರ್ಡ್‌ಲೆಸ್ ರ‍್ಯಾಕ್ ಪಕ್ಕದಲ್ಲೇ ಗಿಟಾರ್ ಪೆಡಲ್ ಮತ್ತು ಕೀಬೋರ್ಡ್ ಇರುತ್ತವೆ. ಗಿಟಾರ್ ಪೆಡಲ್‌ನ 9 ವೋಲ್ಟ್ ಅಡಾಪ್ಟರ್ ಸಾಮಾನ್ಯವಾಗಿ ನಡು ಮೈನಸ್. ಕ್ಯಾಸಿಯೋದ ಹಳೆಯ ಎಡಿ-5 ಕೂಡ 9 ವೋಲ್ಟ್, ನಡು ಮೈನಸ್. ಯಮಾಹ ಕೀಬೋರ್ಡ್‌ನ ಪಿಎ-150 ಅಡಾಪ್ಟರ್ 12 ವೋಲ್ಟ್, 1.5 ಆಂಪಿಯರ್, ನಡು ಪ್ಲಸ್. ದೂರದಿಂದ ನೋಡಿದರೆ ಎಲ್ಲವೂ ಒಂದೇ ಕಪ್ಪು ಡಬ್ಬಿ, ಒಂದೇ ಕಪ್ಪು ವೈರ್.

ಅಡಾಪ್ಟರ್‌ನ ಪ್ಲಸ್ ಮೈನಸ್ ನೋಡಲು ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿಯನ್ನು ಪಿನ್ನಿನ ತೂತಿನೊಳಗೆ ಇಡಿ, ಕಪ್ಪು ಕಡ್ಡಿಯನ್ನು ಹೊರಗಿನ ಲೋಹಕ್ಕೆ ಮುಟ್ಟಿಸಿ. ಕಡ್ಡಿ ದಪ್ಪ ಇದ್ದು ಒಳಗೆ ಹೋಗದಿದ್ದರೆ ಗುಂಡುಸೂಜಿ ತೂರಿಸಿ ಅದಕ್ಕೆ ಮುಟ್ಟಿಸಿ. ಸೂಜಿ ಹೊರಗಿನ ಲೋಹಕ್ಕೆ ತಗುಲದಂತೆ ಜೋಪಾನ. ಅಂಕಿ ಹಾಗೇ ಬಂದರೆ ನಡು ಪ್ಲಸ್. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ನಡು ಮೈನಸ್. ಡಿಸಿಯಲ್ಲಿ ಸೊನ್ನೆ ಬಂದು, ಎಸಿಗೆ ತಿರುಗಿಸಿದಾಗ 12 ಬಂದರೆ ಅದು ಎಸಿ ಅಡಾಪ್ಟರ್.

ರಿಸೀವರ್ ಮೇಲಿನ ಚಿತ್ರ ಅಳಿಸಿಹೋಗಿದ್ದರೆ? ಅದಕ್ಕೂ ದಾರಿ ಇದೆ. ರಿಸೀವರ್‌ಗೆ ಯಾವ ಪವರ್ ಕೂಡ ಇರಬಾರದು, ಆಂಟೆನಾ ಕೇಬಲ್ ತೆಗೆದಿರಬೇಕು. ಮೀಟರನ್ನು ಬೀಪ್ ಬರುವ ಕಂಟಿನ್ಯುಟಿಗೆ ಇಡಿ. ಒಂದು ಕಡ್ಡಿಯನ್ನು ಬಿಎನ್‌ಸಿ ಸಾಕೆಟ್‌ನ (ಆಂಟೆನಾ ತಿರುಗಿಸಿ ಕೂರಿಸುವ ಉರುಟು ಸಾಕೆಟ್) ಹೊರ ಲೋಹಕ್ಕೆ ಹಿಡಿಯಿರಿ. ಇನ್ನೊಂದನ್ನು ಮೊದಲು ಡಿಸಿ ಜ್ಯಾಕ್‌ನ ನಡುವಿನ ಪಿನ್ನಿಗೆ, ಆಮೇಲೆ ಹೊರಗಿನ ತಗಡಿಗೆ ಮುಟ್ಟಿಸಿ. ಎಲ್ಲಿ ಬೀಪ್ ಬರುತ್ತದೋ ಸಾಮಾನ್ಯವಾಗಿ ಅದೇ ಮೈನಸ್. ಹೊರಗಿನ ತಗಡಿಗೆ ಬೀಪ್ ಬಂದರೆ ನಡು ಪ್ಲಸ್ ಅಂತ ಅರ್ಥ. ಎರಡಕ್ಕೂ ಬೀಪ್ ಬರದಿದ್ದರೆ ಒಳಗೆ ಡಯೋಡ್ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಭಾಗ) ಇರಬಹುದು, ಎಸಿ ಬೇಡುವ ಯಂತ್ರ ಇರಬಹುದು. ಅಲ್ಲಿಗೆ ನಿಲ್ಲಿಸಿ. ಮ್ಯಾನ್ಯುಯಲ್ ಸಿಗುವ ತನಕ ಏನೂ ಚುಚ್ಚಬೇಡಿ.

ಹಂತ 4: ಆಂಪಿಯರ್

ಇಲ್ಲಿ ಹೆದರುವವರು ಜಾಸ್ತಿ. "ರಿಸೀವರ್ ಮೇಲೆ 400 ಮಿಲಿ ಆಂಪಿಯರ್ ಅಂತ ಇದೆ, 2 ಆಂಪಿಯರ್ ಅಡಾಪ್ಟರ್ ಹಾಕಿದರೆ ಸುಟ್ಟುಹೋಗಲ್ವಾ?" ಇಲ್ಲ. ಟ್ಯಾಂಕ್ ದೊಡ್ಡದಿದ್ದ ಮಾತ್ರಕ್ಕೆ ನಲ್ಲಿಯಲ್ಲಿ ಜಾಸ್ತಿ ನೀರು ನುಗ್ಗುವುದಿಲ್ಲ. ರಿಸೀವರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆ ಇರಬಾರದು, ಅಷ್ಟೇ. ಜಿಎಲ್‌ಎಕ್ಸ್‌ಡಿ4 ಎಳೆಯುವುದು 550 ಮಿಲಿ ಆಂಪಿಯರ್. ಅದಕ್ಕೆ 500ರ ಅಡಾಪ್ಟರ್ ಹಾಕಿದರೆ ಬಿಸಿಯಾಗಿ ಕೈಕೊಡುತ್ತದೆ. 1 ಆಂಪಿಯರ್ ಹಾಕಿದರೆ ನಿಶ್ಚಿಂತೆ.

ಹೊಸ ಅಡಾಪ್ಟರ್ ನಿಜವಾಗಿ ಬರೆದಷ್ಟು ಕೊಡುತ್ತದಾ ಅಂತ ನೋಡಲು ನಾನು ಬೈಕ್ ಬಲ್ಬ್ ಇಟ್ಟುಕೊಂಡಿದ್ದೇನೆ. 12 ವೋಲ್ಟ್ 5 ವಾಟ್‌ನ ಪಾರ್ಕಿಂಗ್ ಬಲ್ಬ್ ಸುಮಾರು 0.4 ಆಂಪಿಯರ್ ಎಳೆಯುತ್ತದೆ. 10 ವಾಟ್‌ನ ಇಂಡಿಕೇಟರ್ ಬಲ್ಬ್ 0.8ಕ್ಕೆ ಹತ್ತಿರ. 12 ವೋಲ್ಟ್ ಅಡಾಪ್ಟರ್‌ಗೆ ಬಲ್ಬ್ ಹಾಕಿ ಹತ್ತು ನಿಮಿಷ ಉರಿಸಿ. ವೋಲ್ಟ್ 12ರ ಆಸುಪಾಸಿನಲ್ಲೇ ನಿಂತರೆ ಒಳ್ಳೆಯ ಮಾಲು. 10ಕ್ಕೆ ಕುಸಿದರೆ ವಾಪಸ್ ಕೊಡಿ.

ಹಂತ 5: ಈಗ ಪಿನ್ನಿನ ಅಳತೆ

ಉರುಟು ಪಿನ್ನಿಗೆ ಎರಡು ಅಳತೆ. ಹೊರಗಿನ ಅಗಲ, ಒಳಗಿನ ತೂತು. ಹೆಚ್ಚು ಬಳಕೆಯಲ್ಲಿರುವುದು ಎರಡು: 5.5 × 2.1 ಮಿ.ಮೀ. ಮತ್ತು 5.5 × 2.5 ಮಿ.ಮೀ. ಹೊರಗಿಂದ ಎರಡೂ ಒಂದೇ. ಒಳಗಿನ ವ್ಯತ್ಯಾಸ 0.4 ಮಿ.ಮೀ. ಮಾತ್ರ. ಕಣ್ಣಳತೆಗೆ ಸಿಗುವುದಿಲ್ಲ.

ತಪ್ಪಿದರೆ ಏನಾಗುತ್ತದೆ? ರಿಸೀವರ್‌ನ ಜ್ಯಾಕ್‌ನಲ್ಲಿ 2.5ರ ಕಡ್ಡಿ ಇದ್ದು ನೀವು 2.1ರ ಪಿನ್ ತಂದಿದ್ದರೆ ಅದು ಒಳಗೇ ಹೋಗುವುದಿಲ್ಲ. ಇದರಲ್ಲಿ ಮೋಸ ಇಲ್ಲ, ತಕ್ಷಣ ಗೊತ್ತಾಗುತ್ತದೆ. ತಿರುಗಾಮುರುಗಾ ಆದರೆ ಕಷ್ಟ. ಜ್ಯಾಕ್‌ನ ಕಡ್ಡಿ 2.1, ನಿಮ್ಮ ಪಿನ್ 2.5. ಆರಾಮಾಗಿ ಕೂರುತ್ತದೆ, ದೀಪವೂ ಹತ್ತುತ್ತದೆ. ಆದರೆ ಒಳಗೆ ಸಡಿಲ. ಬೇಸ್ ಜೋರಾಗಿ ಬಡಿದಾಗ ರ‍್ಯಾಕ್ ಅದುರುತ್ತದೆ, ಆಗ ಮೈಕ್ ಕಟ್ ಆಗುತ್ತದೆ. ಪಿನ್ ಹಾಕಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ದೀಪ ಮಿನುಗಿದರೆ ಆ ಪಿನ್ ಬೇಡ.

ಅಳೆಯಲು ವರ್ನಿಯರ್ ಬೇಕಿಲ್ಲ. ಸಿಸಿಟಿವಿ ಅಂಗಡಿಯಲ್ಲಿ ಸ್ಕ್ರೂ ಇರುವ ಡಿಸಿ ಪಿನ್ ಸಿಗುತ್ತದೆ. ಸಾಮಾನ್ಯವಾಗಿ ಅದು 5.5 × 2.1. ಅದೇ ನಿಮ್ಮ ಅಳತೆಗೋಲು. ವೈರ್ ಏನೂ ಸೇರಿಸದೆ ಖಾಲಿ ಪಿನ್ನನ್ನು ರಿಸೀವರ್‌ಗೆ ಹಾಕಿ ನೋಡಿ. ಬಿಗಿಯಾಗಿ ಕೂತರೆ 2.1. ಹೋಗದಿದ್ದರೆ 2.5 ಇರಬಹುದು, ಅದರದ್ದೂ ಒಂದು ಖಾಲಿ ಪಿನ್ ತಂದಿಟ್ಟುಕೊಳ್ಳಿ. ಕರೆಂಟ್ ಇಲ್ಲದ ಪಿನ್ನಿಂದ ಯಾವ ಅಪಾಯವೂ ಇಲ್ಲ. ಚುಚ್ಚಿ ನೋಡಲೇಬೇಕು ಅಂದರೆ ಹೀಗೆ ಚುಚ್ಚಿ. ಹೊರಗಿನ ಅಳತೆಯೇ ಚಿಕ್ಕದಿರುವ ಪಿನ್‌ಗಳೂ ಇವೆ, 4.0 × 1.7, 3.5 × 1.35 ಅಂತ. ಅವು 5.5ರ ಜ್ಯಾಕ್‌ನಲ್ಲಿ ಲೊಡಲೊಡ ಅನ್ನುತ್ತವೆ.

ಉದ್ದವನ್ನು ಎಲ್ಲರೂ ಮರೆಯುತ್ತಾರೆ. ಕೆಲವು ರಿಸೀವರ್‌ಗಳಲ್ಲಿ ಜ್ಯಾಕ್ ಹಿಂಬದಿಯ ತಗಡಿಗಿಂತ ಒಳಗೆ ಇರುತ್ತದೆ. ಗಿಡ್ಡ ಪಿನ್ ಅರ್ಧಕ್ಕೇ ನಿಲ್ಲುತ್ತದೆ. ಜ್ಯಾಕ್ ಸುತ್ತ ಸ್ಕ್ರೂಗೆ ಇರುವಂಥ ಸುತ್ತುಗೆರೆ (ಥ್ರೆಡ್) ಇದ್ದರೆ ಅದು ತಿರುಗಿಸಿ ಬಿಗಿ ಮಾಡುವ ಲಾಕಿಂಗ್ ಪಿನ್ನಿಗೆ. ಸ್ವಿಚ್‌ಕ್ರಾಫ್ಟ್ ಕಂಪನಿಯ ಎಸ್760ಕೆ ಇಂಥ 2.1ರ ಪಿನ್, ಎಸ್761ಕೆ 2.5ರದ್ದು. ಬೆಲೆ ಜಾಸ್ತಿ. ಆದರೆ ಊರೂರು ತಿರುಗುವ ರ‍್ಯಾಕ್‌ಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಹಳೆಯ ಅಡಾಪ್ಟರ್ ಸುಟ್ಟಿದ್ದು ಅದರ ಪಿನ್ ಚೆನ್ನಾಗಿದ್ದರೆ ಕೆಲಸ ಇನ್ನೂ ಸುಲಭ. ಪಿನ್ ಸಮೇತ ಒಂದು ಅಡಿ ವೈರ್ ಕತ್ತರಿಸಿಕೊಳ್ಳಿ. ಸರಿಯಾದ ವೋಲ್ಟಿನ ಹೊಸ ಅಡಾಪ್ಟರ್‌ಗೆ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಎಳೆಯಿರಿ. ಬಿಳಿ ಗೆರೆ ಇರುವ ವೈರ್ ಹೆಚ್ಚಾಗಿ ಪ್ಲಸ್. ಹೆಚ್ಚಾಗಿ ಅಂದೆ, ಯಾವಾಗಲೂ ಅಲ್ಲ. ಬೆಸುಗೆಗೆ ಮೊದಲೊಮ್ಮೆ, ಆಮೇಲೊಮ್ಮೆ ಮೀಟರ್ ಹಿಡಿಯಿರಿ.

ಯಾವುದನ್ನು ಎರವಲು ತರಬಹುದು?

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ಬೇಕಾದ ಪಿನ್, ಬೇಕಾದ ವೋಲ್ಟ್ ಹುಡುಕಿ ತರಬಹುದು. ಚಿಕ್ಕ ಊರಲ್ಲಿ, ಕಾರ್ಯಕ್ರಮಕ್ಕೆ ಎರಡು ಗಂಟೆ ಇರುವಾಗ, ಇದ್ದದ್ದರಲ್ಲೇ ನೋಡಬೇಕು.

ಸಿಸಿಟಿವಿ ಕ್ಯಾಮೆರಾದ 12 ವೋಲ್ಟ್ ಅಡಾಪ್ಟರ್ ನನ್ನ ಮೊದಲ ಆಯ್ಕೆ. ಸಾಮಾನ್ಯವಾಗಿ ನಡು ಪ್ಲಸ್, ಪಿನ್ 5.5 × 2.1. ಎಲ್ಲ ಊರಲ್ಲೂ ಸಿಗುತ್ತದೆ. ರೂಟರ್ ಅಡಾಪ್ಟರ್ ನೋಡಲು ಹಾಗೇ ಇದ್ದರೂ 5, 9, 12 ವೋಲ್ಟ್ ಮೂರರಲ್ಲೂ ಬರುತ್ತದೆ, ಓದದೆ ಮುಟ್ಟಬೇಡಿ. ಲ್ಯಾಪ್‌ಟಾಪ್ ಅಡಾಪ್ಟರ್ ಬೇಡವೇ ಬೇಡ. 5.5 × 2.5ರ ಪಿನ್ನಲ್ಲಿ 19 ವೋಲ್ಟ್ ಕೊಡುವವು ಎಷ್ಟೋ ಇವೆ. ತಿರುಗಿಸುವ ಗುಂಡಿಯ ಯೂನಿವರ್ಸಲ್ ಅಡಾಪ್ಟರ್ ಕೂಡ ರ‍್ಯಾಕ್‌ಗೆ ಹೇಳಿಸಿದ್ದಲ್ಲ. ಗುಂಡಿ ಕೈತಾಗಿ ಜಾರುತ್ತದೆ, ತಲೆ ಉಲ್ಟಾ ಹಾಕಿದರೆ ಪ್ಲಸ್ ಮೈನಸ್ ಬದಲಾಗುತ್ತದೆ.

ಹೊಸದು ಕೊಳ್ಳುವಾಗ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದೆಯಾ ನೋಡಿ. ಅದು 'ಆರ್' ಅಕ್ಷರದಿಂದ ಶುರುವಾಗುತ್ತದೆ.

ಅಮೆರಿಕದಿಂದ ಅಣ್ಣನೋ ಮಗಳೋ ತಂದುಕೊಟ್ಟ ರಿಸೀವರ್ ಆಗಿದ್ದರೆ ಇನ್ನೊಂದು ಎಚ್ಚರ. ಅಡಾಪ್ಟರ್ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 120 ವೋಲ್ಟ್ ಅಂತ ಇದ್ದರೆ ನಮ್ಮ 230 ವೋಲ್ಟಿಗೆ ಹಾಕಬೇಡಿ, ಕರಕಲಾಗುತ್ತದೆ. ಅದೇ ಅಳತೆಯ ಅಡಾಪ್ಟರ್ ಇಲ್ಲೇ ಕೊಳ್ಳಿ.

ನಾಲ್ಕು ರಿಸೀವರ್, ಒಂದೇ ಪವರ್

ಒಂದು ರ‍್ಯಾಕ್‌ನಲ್ಲಿ ನಾಲ್ಕು ಅಡಾಪ್ಟರ್ ಇದ್ದರೆ ಸ್ಪೈಕ್ ಬಸ್ಟರ್‌ನಲ್ಲಿ ಜಾಗ ಸಾಲುವುದಿಲ್ಲ. ಒಂದೊಂದು ಡಬ್ಬಿ ಪಕ್ಕದ ಸಾಕೆಟ್ ಮುಚ್ಚುತ್ತದೆ. ಹಾಗಾಗಿ ಒಂದೇ ದೊಡ್ಡ ಪವರ್ ಸಪ್ಲೈ ಹಾಕುವ ಆಸೆ ಬರುತ್ತದೆ. ಮಾಡಬಹುದು, ಆದರೆ ನಾಲ್ಕಕ್ಕೂ ಒಂದೇ ವೋಲ್ಟ್, ಒಂದೇ ಪ್ಲಸ್ ಮೈನಸ್ ಇರಬೇಕು.

ಲೆಕ್ಕ ಹೀಗೆ. ತಲಾ 400 ಮಿಲಿ ಆಂಪಿಯರ್‌ನಂತೆ ನಾಲ್ಕಕ್ಕೆ 1.6 ಆಂಪಿಯರ್. ನಾನಾದರೆ 12 ವೋಲ್ಟ್ 3 ಆಂಪಿಯರ್ ತರುತ್ತೇನೆ. ಪ್ರತಿ ರಿಸೀವರ್‌ಗೂ ಸಪ್ಲೈಯಿಂದಲೇ ಬೇರೆ ಬೇರೆ ವೈರ್ ಎಳೆಯಿರಿ, ಪ್ರತಿಯೊಂದಕ್ಕೂ ಒಂದು ಫ್ಯೂಸ್ ಹಾಕಿ. ಒಂದರಿಂದ ಇನ್ನೊಂದಕ್ಕೆ ಸರಪಳಿ ಮಾಡಬೇಡಿ. ಕಾರಣ ಇದೆ. 24 ಗೇಜ್ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 0.084 ಓಮ್ ತಡೆ. 3 ಮೀಟರ್ ದೂರ ಅಂದರೆ ಹೋಗಿ ಬರಲು 6 ಮೀಟರ್, ಸುಮಾರು ಅರ್ಧ ಓಮ್. ನಾಲ್ಕೂ ರಿಸೀವರ್‌ನ 1.6 ಆಂಪಿಯರ್ ಆ ಒಂದೇ ವೈರ್‌ನಲ್ಲಿ ಹರಿದರೆ ದಾರಿಯಲ್ಲೇ 0.8 ವೋಲ್ಟ್ ಹೋಗುತ್ತದೆ.

ಎಲ್ಲ ರಿಸೀವರ್‌ಗಳ ಮೈನಸ್ ಒಂದೇ ಕಡೆ ಸೇರುವುದರಿಂದ ಹಮ್, ಅಂದರೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು, ಬರುವ ಸಾಧ್ಯತೆಯೂ ಇದೆ. ಅದನ್ನು ತಗ್ಗಿಸಲು ಮಿಕ್ಸರ್‌ಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಕೇಬಲ್‌ನ) ಔಟ್‌ಪುಟ್‌ನಿಂದಲೇ ಹೋಗಿ.

ಕಂಪನಿಗಳೇ ಇದಕ್ಕೆ ಅಂತ ಮಾಡಿದ ಪೆಟ್ಟಿಗೆಗಳಿವೆ. ಶೂರ್‌ನ ಯುಎ844 ಸರಣಿಯ ಆಂಟೆನಾ ಡಿಸ್ಟ್ರಿಬ್ಯೂಟರ್ ನಾಲ್ಕು ರಿಸೀವರ್‌ಗೆ ಆಂಟೆನಾ ಸಿಗ್ನಲ್ ಜೊತೆ ಪವರನ್ನೂ ಹಂಚುತ್ತದೆ. ಸೆನ್‌ಹೈಸರ್‌ನ ಎಎಸ್‌ಎ 1 ಇನ್ನೂ ಚಂದ. ಅದು ಆಂಟೆನಾದ ಬಿಎನ್‌ಸಿ ಕೇಬಲ್ ಒಳಗಿಂದಲೇ ರಿಸೀವರ್‌ಗೆ ಡಿಸಿ ಕಳಿಸುತ್ತದೆ, ಬೇರೆ ಪಿನ್ನೇ ಬೇಡ. ಆದರೆ ಅದು ತನ್ನ ಮನೆಯ ರಿಸೀವರ್‌ಗಳಿಗೆ ಮಾಡಿದ್ದು. ಬೇರೆ ಕಂಪನಿಯ ರಿಸೀವರ್ ಅದಕ್ಕೆ ಸೇರಿಸುವ ಮೊದಲು ಡಿಸಿ ತಡೆಯುವ ಬ್ಲಾಕರ್ ಬೇಕಾ ಅಂತ ಎರಡೂ ಮ್ಯಾನ್ಯುಯಲ್‌ನಲ್ಲಿ ನೋಡಿ.

ರ‍್ಯಾಕ್‌ಗೆ ಬರುವ ಕರೆಂಟ್

ಸಿ14 ಇರುವ ರಿಸೀವರ್‌ಗೆ ಕಂಪ್ಯೂಟರ್ ಕೇಬಲ್ ಸಾಕು ಅಂದೆ. ಎರಡು ತೂತಿನ, ಎಂಟರ ಆಕಾರದ ಟೇಪ್ ರೆಕಾರ್ಡರ್ ವೈರ್ ಸಿ7. ಮೂರೆಲೆ ಆಕಾರದ ಲ್ಯಾಪ್‌ಟಾಪ್ ವೈರ್ ಸಿ5. ಈ ಎರಡರ ಮಿತಿ 2.5 ಆಂಪಿಯರ್, ಸಿ13ರದ್ದು 10.

ಹಮ್ ಬರುತ್ತದೆ ಅಂತ ಮೂರು ಪಿನ್ ಪ್ಲಗ್‌ನ ಅರ್ಥ್ ಕಿತ್ತು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ರ‍್ಯಾಕ್ ಲೋಹದ್ದು, ಅದಕ್ಕೆ ಸೇರಿದ ಮೈಕ್ ಸ್ಟ್ಯಾಂಡ್ ಲೋಹದ್ದು, ಅದನ್ನು ಹಿಡಿಯುವವರು ಮನುಷ್ಯರು. ಮಳೆಗಾಲದ ಶಾಮಿಯಾನದ ಕೆಳಗೆ ಆ ಒಂದು ಅರ್ಥ್ ವೈರ್ ಜೀವ ಉಳಿಸುತ್ತದೆ. ಹಮ್ ಬಂದರೆ ಆಡಿಯೋ ಲೈನ್‌ನಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ.

ರ‍್ಯಾಕ್‌ಗೆ ನ್ಯೂಟ್ರಿಕ್ ಕಂಪನಿಯ ಪವರ್‌ಕಾನ್ (ತಿರುಗಿಸಿ ಲಾಕ್ ಮಾಡುವ ಕರೆಂಟ್ ಕನೆಕ್ಟರ್) ಹಾಕಿಸುವವರು ಒಂದು ತಿಳಿದಿರಬೇಕು. ನೀಲಿ ಬಣ್ಣದ್ದು ಕರೆಂಟ್ ಒಳಗೆ, ಬೂದು ಬಣ್ಣದ್ದು ಹೊರಗೆ. ಈ ಹಳೆಯ ಮಾದರಿಯನ್ನು ಲೋಡ್ ಇರುವಾಗ ಕಿತ್ತರೆ ಒಳಗೆ ಕಿಡಿ ಹಾರುತ್ತದೆ. ಮೊದಲು ಸ್ವಿಚ್ ಆಫ್ ಮಾಡಿ. ಟ್ರೂ1 ಮಾದರಿಯನ್ನು ಲೋಡ್ ಇರುವಾಗಲೂ ತೆಗೆಯಬಹುದು. ಇವೆರಡೂ ಒಂದಕ್ಕೊಂದು ಕೂರುವುದಿಲ್ಲ.

ಕೊನೆಯ ಹಂತ: ರೇಡಿಯೋ ಗದ್ದಲದ ಪರೀಕ್ಷೆ

ವೋಲ್ಟ್ ಸರಿ, ಪಿನ್ ಸರಿ. ಆದರೂ ಅಗ್ಗದ ಅಡಾಪ್ಟರ್ ರೇಡಿಯೋ ಗದ್ದಲ ಹೊರಡಿಸಬಹುದು. ನಮ್ಮದು ರೇಡಿಯೋ ಕೇಳುವ ಯಂತ್ರ, ಅದಕ್ಕೆ ಇದು ದೊಡ್ಡ ತೊಂದರೆ. ಮೈಕ್‌ಗಳನ್ನೆಲ್ಲ ಆಫ್ ಮಾಡಿ. ಹಳೆಯ, ನಂಬಿಕೆಯ ಅಡಾಪ್ಟರ್‌ನಲ್ಲಿ ರಿಸೀವರ್‌ನ ಆರ್‌ಎಫ್ ಮೀಟರ್ (ರೇಡಿಯೋ ಸಿಗ್ನಲ್ ತೋರಿಸುವ ಗೆರೆಗಳು) ಎಷ್ಟು ತೋರಿಸುತ್ತದೆ ನೋಡಿ. ಆಮೇಲೆ ಹೊಸ ಅಡಾಪ್ಟರ್ ಹಾಕಿ ಅದೇ ಫ್ರೀಕ್ವೆನ್ಸಿಯಲ್ಲಿ ಮತ್ತೆ ನೋಡಿ. ಮೈಕ್ ಇಲ್ಲದೆಯೂ ಗೆರೆಗಳು ಏರಿದರೆ ಗದ್ದಲ ಅಡಾಪ್ಟರ್‌ದು. ಆಂಟೆನಾದಿಂದ ದೂರ ಸರಿಸಿ ನೋಡಿ. ಆಗಲೂ ಇಳಿಯದಿದ್ದರೆ ಬದಲಿಸಿ.

ಎಲ್ಲ ಸರಿಬಂದ ಮೇಲೆ ವೈರನ್ನು ರ‍್ಯಾಕ್‌ನ ಕಂಬಿಗೆ ಟೈ ಹಾಕಿ ಕಟ್ಟಿ, ಭಾರ ಪಿನ್ನಿನ ಮೇಲೆ ಬೀಳಬಾರದು. ಪಿನ್ನಿನ ಹತ್ತಿರ ವೈರ್ ಮೇಲೆ ಬಿಳಿ ಟೇಪ್ ಸುತ್ತಿ, ಮಾರ್ಕರ್‌ನಲ್ಲಿ ಬರೆಯಿರಿ: ರಿಸೀವರ್ 3, 12 ವೋಲ್ಟ್, 1 ಆಂಪಿಯರ್, ನಡು ಪ್ಲಸ್, 2.1. ಅದನ್ನೇ ರಿಸೀವರ್‌ನ ಜ್ಯಾಕ್ ಮೇಲೂ ಬರೆದು ಅಂಟಿಸಿ. ಇಂಥದ್ದೇ ಇನ್ನೊಂದು ಅಡಾಪ್ಟರ್ ಪರೀಕ್ಷೆ ಮಾಡಿ, ಇದೇ ಚೀಟಿ ಅಂಟಿಸಿ ರ‍್ಯಾಕ್‌ನ ಡ್ರಾಯರ್‌ನಲ್ಲಿ ಇಡಿ.